ಉಸಿರಿನ ಸಾಲವನ್ನು ಲೆಕ್ಕಕ್ಕೆ ತಂದ ಪ್ರೊಫೆಸರ್ ಹಿಲ್ಲರು

ಮಹಡಿಯ ಮೇಲಿನ ಕಚೇರಿಗೆ ಮೆಟ್ಟಿಲುಗಳನ್ನು ಒಂದೇ ಸಮನೆ ಹತ್ತಿಹೋದವರು, ಮೇಲೆ ಸೇರಿ ಕುರ್ಚಿಯಲ್ಲಿ ಕುಳಿತ ಬಳಿಕವೂ ಕೆಲವು ನಿಮಿಷಗಳ ಕಾಲ ಏದುಸಿರು ಬಿಡುತ್ತಿರುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿಯಾಗಿದೆ. ಕೆಲಸವು ಮುಗಿದುಹೋಗಿದೆ, ಕಾಲುಗಳು ವಿಶ್ರಮಿಸುತ್ತಿವೆ, ಆದರೂ ಎದೆಯು ಕಮ್ಮಾರನ ತಿದಿಯಂತೆ ಏರಿಳಿಯುತ್ತಿದೆ. ಮುಗಿದ ಕೆಲಸಕ್ಕೆ ಈಗೇಕೆ ಇಷ್ಟು ಉಸಿರು? ಮಕ್ಕಳು ಕೇಳಬಹುದಾದ ಈ ಪ್ರಶ್ನೆಯನ್ನು ದೊಡ್ಡವರು ಕೇಳುವ ಗೋಜಿಗೆ ಹೋಗುವುದಿಲ್ಲ. ವಯಸ್ಸಾಯಿತೆಂದೋ, ಮೈ ಬಂದಿತೆಂದೋ ಹೇಳಿಕೊಂಡು ಬೆವರೊರಸಿ ಕಾಗದಪತ್ರಗಳನ್ನು ತೆರೆಯುತ್ತಾರೆ. ಈ ಪ್ರಶ್ನೆಯನ್ನು ಹಿಡಿದು ಬಿಡದೆ, ತಮ್ಮ ಮೈಯನ್ನೇ ಒರೆಗಲ್ಲಾಗಿ ಮಾಡಿಕೊಂಡು, ಉತ್ತರವನ್ನು ಅಂಕಿಗಳಲ್ಲಿ ಬರೆದಿಟ್ಟ ವಿದ್ವಾಂಸರೊಬ್ಬರಿದ್ದರು. ಅವರೇ ಆರ್ಚಿಬಾಲ್ಡ್ ವಿವಿಯನ್ ಹಿಲ್ಲರು. ವ್ಯಾಯಾಮದಿಂದ ಶರೀರಕ್ಕೆ ಏನಾಗುತ್ತದೆಂಬುದನ್ನು ಇಂದು ಜಗತ್ತಿನ ಯಾವ ವೈದ್ಯಶಾಲೆಯಲ್ಲಿ ಅಳೆದರೂ ಅಳತೆಗೋಲು ಬಹುಮಟ್ಟಿಗೆ ಹಿಲ್ಲರದೇ ಆಗಿರುತ್ತದೆ. ಅವರು ನಮ್ಮ ದೇಶಕ್ಕೂ ಬಂದುಹೋದವರೆಂಬುದನ್ನು ಬಲ್ಲವರು ವಿರಳ.

ಹಿಲ್ಲರು 1886ನೆಯ ಇಸವಿ ಸೆಪ್ಟೆಂಬರ್ 26ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜನಿಸಿದರು. ಅವರದು ಮರದ ವ್ಯಾಪಾರವನ್ನು ಮಾಡಿಕೊಂಡಿದ್ದ ಮನೆತನ. ಮಗುವಿಗೆ ಮೂರು ವರ್ಷವಾಗಿದ್ದಾಗ ತಂದೆಯು ಸಂಸಾರವನ್ನು ತೊರೆದು ಹೊರಟುಹೋದರು. ಒಬ್ಬ ಮಗನನ್ನೂ ಒಬ್ಬ ಮಗಳನ್ನೂ ಸಾಕಿ ಮುಂದಕ್ಕೆ ತಂದ ಭಾರವೆಲ್ಲ ತಾಯಿಯ ಮೇಲೆಯೇ ಬಿದ್ದಿತು. ಮೊದಲಿನ ಪಾಠಗಳನ್ನು ಮಗನಿಗೆ ಆಕೆಯೇ ಹೇಳಿಕೊಟ್ಟರು. ಅನಂತರ ಬಾಲಕನು ಟಿವರ್ಟನ್ ಎಂಬ ಊರಿನ ಬ್ಲಂಡೆಲ್ಸ್ ಪಾಠಶಾಲೆಯನ್ನು ಸೇರಿ, ಗಣಿತದಲ್ಲಿಯೂ ದೂರದ ಓಟದಲ್ಲಿಯೂ ಸಮನಾಗಿ ಆಸಕ್ತಿಯನ್ನು ಬೆಳೆಸಿಕೊಂಡನು. ಈ ಎರಡೂ ಒಂದೇ ದಾರಿಯಲ್ಲಿ ಸೇರಬಹುದೆಂದು ಆಗ ಯಾರೂ ಎಣಿಸಿರಲಾರರು.

ವಿದ್ಯಾರ್ಥಿವೇತನವನ್ನು ಪಡೆದು ಹಿಲ್ಲರು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಹೋದರು. 1907ರಲ್ಲಿ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಮೂರನೆಯ ರ‍್ಯಾಂಗ್ಲರರಾಗಿ ತೇರ್ಗಡೆ ಹೊಂದಿದರು. ರ‍್ಯಾಂಗ್ಲರ್ ಪರಾಂಜಪೆಯವರ ಹೆಸರಿನ ಮೂಲಕ ಈ ಪದವಿಯ ಘನತೆಯು ನಮ್ಮವರಿಗೆ ಚೆನ್ನಾಗಿ ತಿಳಿದುದೇ ಆಗಿದೆ. ಇಷ್ಟಾದವರಿಗೆ ಗಣಿತದಲ್ಲಿ ಮುಂದಣ ದಾರಿಯು ತೆರೆದೇ ಇದ್ದಿತು. ಆದರೆ ಬರಿಯ ಗಣಿತವು ಅವರ ಮನಸ್ಸನ್ನು ತುಂಬಲಿಲ್ಲ. ಟ್ರಿನಿಟಿಯಲ್ಲಿ ಅವರಿಗೆ ಮಾರ್ಗದರ್ಶಕರಾಗಿದ್ದ ವಾಲ್ಟರ್ ಫ್ಲೆಚರರು ಶರೀರಶಾಸ್ತ್ರಜ್ಞರು. ಅದೇ 1907ರಲ್ಲಿ ಫ್ಲೆಚರರೂ ಹಾಪ್ಕಿನ್ಸರೂ ಸೇರಿ, ಕಪ್ಪೆಯ ಮಾಂಸಖಂಡವು ದಣಿದಾಗ ಅದರಲ್ಲಿ ಲ್ಯಾಕ್ಟಿಕ್ ಆಮ್ಲವು ಕೂಡುವುದೆಂದೂ, ಪ್ರಾಣವಾಯುವಾದ ಆಮ್ಲಜನಕವನ್ನು ಒದಗಿಸಿದರೆ ಆ ಆಮ್ಲವು ಮಾಯವಾಗುವುದೆಂದೂ ತೋರಿಸಿದ್ದರು. ಹುಳಿಹಾಲಿನಲ್ಲಿರುವ ಆಮ್ಲವೇ ಇದು. ಫ್ಲೆಚರರ ಮಾತಿಗೆ ಒಲಿದು ಹಿಲ್ಲರು ಗಣಿತವನ್ನು ಬಿಟ್ಟು ಶರೀರಶಾಸ್ತ್ರವನ್ನು ಹಿಡಿದರು. ಬಿಟ್ಟರೆಂದು ಹೇಳಿದುದು ಸರಿಯಲ್ಲ. ಗಣಿತವನ್ನು ಹೆಗಲಿಗೇರಿಸಿಕೊಂಡೇ ಹೊಸ ಮನೆಯನ್ನು ಹೊಕ್ಕರು. ರಕ್ತದ ಕೆಂಪು ದ್ರವ್ಯವಾದ ಹೀಮೊಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವ ಬಗೆಯನ್ನು ಕುರಿತು 1910ರಲ್ಲಿ ಅವರು ಬರೆದ ಸಮೀಕರಣವನ್ನು ಔಷಧಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಹಿಲ್ ಸಮೀಕರಣವೆಂಬ ಹೆಸರಿನಿಂದಲೇ ಓದುತ್ತಾರೆ.

ಅವರು ಕೈಗೆತ್ತಿಕೊಂಡ ಮುಖ್ಯ ಕಾರ್ಯವೆಂದರೆ ಮಾಂಸಖಂಡವು ಸಂಕೋಚಗೊಳ್ಳುವಾಗ ಹುಟ್ಟುವ ಉಷ್ಣವನ್ನು ಅಳೆಯುವುದು. ಕೆಲಸ ಮಾಡಿದ ಮೈ ಬೆಚ್ಚಗಾಗುತ್ತದೆಂಬುದು ಯಾರಿಗೆ ತಿಳಿಯದು? ಆದರೆ ಕಪ್ಪೆಯ ತೊಡೆಯಿಂದ ತೆಗೆದ ಒಂದು ಸಣ್ಣ ಮಾಂಸದ ಎಳೆಯು ಒಮ್ಮೆ ಮಿಡಿದಾಗ ಅದರ ಉಷ್ಣಮಾನವು ಒಂದು ಡಿಗ್ರಿಯ ಸಾವಿರದ ಕೆಲವು ಪಾಲುಗಳಷ್ಟು ಮಾತ್ರ ಏರುತ್ತದೆ. ಅದನ್ನು ಸಾಮಾನ್ಯವಾದ ಯಾವ ಉಷ್ಣಮಾಪಕದಿಂದಲೂ ಹಿಡಿಯಲಾಗದು. ಎರಡು ಬೇರೆ ಬೇರೆ ಲೋಹಗಳ ತಂತಿಗಳನ್ನು ಬೆಸೆದು, ಬೆಸುಗೆಯನ್ನು ಬಿಸಿಮಾಡಿದರೆ ಅತ್ಯಲ್ಪವಾದ ವಿದ್ಯುತ್ತು ಹರಿಯುವುದಷ್ಟೆ? ಅಂತಹ ಬೆಸುಗೆಗಳನ್ನು ಸಾಲಾಗಿ ಜೋಡಿಸಿದ ಥರ್ಮೋಪೈಲ್ ಎಂಬ ಉಪಕರಣದ ಮೇಲೆ ಮಾಂಸಖಂಡವನ್ನು ಹಾಸಿ, ಸೂಕ್ಷ್ಮವಾದ ಗ್ಯಾಲ್ವನೋಮೀಟರಿನಲ್ಲಿ ಅದರ ಉಷ್ಣವನ್ನು ಓದಬೇಕಾಗಿದ್ದಿತು. ಈ ವಿದ್ಯೆಯಲ್ಲಿ ಕೈಪಳಗಿಸಿಕೊಳ್ಳುವುದಕ್ಕಾಗಿ ಹಿಲ್ಲರು 1911ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ನಗರಕ್ಕೂ ಹೋಗಿಬಂದರು. ಮುಂದೆ ಅರ್ಧ ಶತಮಾನದ ಕಾಲ ಈ ಉಪಕರಣವನ್ನು ತಿದ್ದಿ ತೀಡಿ ಇನ್ನಷ್ಟು ಚುರುಕುಗೊಳಿಸುವುದು ಅವರಿಗೆ ವ್ರತವಾಯಿತು.

ಈ ಶ್ರಮದಿಂದ ದೊರೆತ ಫಲವು ಯಾರೂ ನಿರೀಕ್ಷಿಸದೆ ಇದ್ದುದು. ಉಗಿಯಂತ್ರದಲ್ಲಿ ಇದ್ದಲು ಉರಿಯುವಾಗಲೇ ಉಷ್ಣವು ಹುಟ್ಟುತ್ತದೆ, ಆಗಲೇ ಚಕ್ರವು ತಿರುಗುತ್ತದೆ. ಮಾಂಸಖಂಡವೂ ಹಾಗೆಯೇ ಇರಬೇಕೆಂದು ಬಹುಮಂದಿ ತಿಳಿದಿದ್ದರು. ಹಿಲ್ಲರ ಅಳತೆಗಳಲ್ಲಿ ಕಂಡುದು ಬೇರೆ. ಮಿಡಿತದ ಕ್ಷಣದಲ್ಲಿ ಹುಟ್ಟುವ ಉಷ್ಣಕ್ಕೆ ಆಮ್ಲಜನಕವೇ ಬೇಡ; ಅದಿಲ್ಲದ ಗಾಳಿಯಲ್ಲಿಯೂ ಮಾಂಸಖಂಡವು ಮಿಡಿಯುತ್ತದೆ. ಮಿಡಿತವೆಲ್ಲ ಮುಗಿದ ಮೇಲೆ, ನಿಮಿಷಗಳವರೆಗೆ, ಸುಮಾರು ಅಷ್ಟೇ ಉಷ್ಣವು ಮತ್ತೆ ನಿಧಾನವಾಗಿ ಹೊರಡುತ್ತದೆ. ಆಮ್ಲಜನಕವು ಬೇಕಾಗುವುದು ಆಗ. ಅಂದರೆ ಮಾಂಸಖಂಡವು ಮೊದಲು ಕೆಲಸವನ್ನು ಮಾಡಿ, ಆಮೇಲೆ ಅದರ ಬೆಲೆಯನ್ನು ತೆರುತ್ತದೆ. ಅಂಗಡಿಯಿಂದ ಉದ್ರಿ ತಂದು ತಿಂಗಳ ಸಂಬಳ ಬಂದಾಗ ತೀರಿಸುವ ಸಂಸಾರಿಯ ರೀತಿಯೇ ಇದು. ಮೆಟ್ಟಿಲು ಹತ್ತಿ ಕುಳಿತವರ ಏದುಸಿರಿನ ಗುಟ್ಟು ಈ ಕಪ್ಪೆಯ ಕಾಲಿನಲ್ಲಿ ಅಡಗಿದ್ದಿತು.

1913ರಲ್ಲಿ ಅವರು ಮಾರ್ಗರೆಟ್ ಕೇನ್ಸರನ್ನು ಮದುವೆಯಾದರು; ಅರ್ಥಶಾಸ್ತ್ರಜ್ಞರಾದ ಜಾನ್ ಮೇನಾರ್ಡ್ ಕೇನ್ಸರ ತಂಗಿ ಆಕೆ. ಮರುವರ್ಷವೇ ಮಹಾಯುದ್ಧವು ಹೊತ್ತಿಕೊಂಡಿತು. ಯುದ್ಧಕಾಲದಲ್ಲಿ ಹಿಲ್ಲರು ವಿಮಾನಗಳನ್ನು ಗುಂಡಿಟ್ಟು ಕೆಡಹುವ ಫಿರಂಗಿಗಳ ಗುರಿಯನ್ನು ಗಣಿತದಿಂದ ಸರಿಪಡಿಸುವ ಒಂದು ತಂಡಕ್ಕೆ ಮುಖ್ಯಸ್ಥರಾಗಿದ್ದರು. ಫೌಲರ್, ಮಿಲ್ನ್ ಮೊದಲಾದ ಗಣಿತಜ್ಞರು ಆ ತಂಡದಲ್ಲಿದ್ದರು. ಆ ವೃತ್ತಾಂತವು ನಮ್ಮ ವಿಷಯಕ್ಕೆ ಹೊರಗಾದುದರಿಂದ ಅದನ್ನು ಬೆಳೆಸುವುದಿಲ್ಲ.

1920ರಲ್ಲಿ ಮ್ಯಾಂಚೆಸ್ಟರಿನಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರಾದ ಮೇಲೆ ಹಿಲ್ಲರು ಕಪ್ಪೆಯಿಂದ ಮನುಷ್ಯನ ಕಡೆಗೆ ತಿರುಗಿದರು. ಪ್ರಯೋಗಕ್ಕೆ ಮನುಷ್ಯನನ್ನು ಎಲ್ಲಿಂದ ತರುವುದು? ಅವರಿಗೆ ಹುಡುಕುವ ಶ್ರಮವಿರಲಿಲ್ಲ. ಮೂವತ್ತೈದನ್ನು ಮುಟ್ಟಿದ್ದರೂ ಅವರು ಬೆಳಗಿನ ಉಪಾಹಾರಕ್ಕೆ ಮುಂಚೆ ಸುಮಾರು ಒಂದು ಮೈಲಿ ನಿಧಾನವಾಗಿ ಓಡುವ ರೂಢಿಯನ್ನು ಇಟ್ಟುಕೊಂಡಿದ್ದರು. ಹುಲ್ಲಿನ ನೆಲದ ಮೇಲೆ ಸುಮಾರು 85 ಮೀಟರು ಸುತ್ತಳತೆಯ ಒಂದು ವೃತ್ತವನ್ನು ಗುರುತುಮಾಡಿ, ತಾವೇ ಅದರ ಸುತ್ತ ಒಂದೇ ವೇಗದಿಂದ ಓಡಿದರು. ಬೆನ್ನ ಮೇಲೆ ಡಗ್ಲಸ್ ಚೀಲವೆಂಬ ದೊಡ್ಡ ಗಾಳಿಚೀಲ. ಬಾಯಲ್ಲಿ ಅದಕ್ಕೆ ಹೋಗುವ ಕೊಳವೆ. ಹೊರಬಿಟ್ಟ ಉಸಿರೆಲ್ಲ ಗೊತ್ತಾದ ಅವಧಿಯಲ್ಲಿ ಆ ಚೀಲದೊಳಕ್ಕೆ. ಸಹೋದ್ಯೋಗಿಯಾದ ಹಾರ್ಟ್ಲಿ ಲಪ್ಟನರು ಈ ಕಾರ್ಯದಲ್ಲಿ ಜೊತೆಗಿದ್ದರು. ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೊಬ್ಬರು ಬೆನ್ನಿಗೆ ಚೀಲ ಕಟ್ಟಿಕೊಂಡು, ಬಾಯಿಗೆ ಕೊಳವೆ ಕಚ್ಚಿಕೊಂಡು, ಗಾಣದ ಎತ್ತಿನಂತೆ ಹುಲ್ಲಿನಲ್ಲಿ ಸುತ್ತುತ್ತಿದ್ದ ನೋಟವನ್ನು ವಾಚಕರು ಊಹಿಸಿಕೊಳ್ಳಲಿ. ಮಾನವು ಹೋಯಿತೆಂದು ಅವರು ಭಾವಿಸಿದಂತೆ ಕಾಣುವುದಿಲ್ಲ. ಪ್ರಾಧ್ಯಾಪಕ ಪದವಿಗೆ ಏರಿದ ಮೇಲೆ ಬೆವರುವುದು ತಮ್ಮ ಕೆಲಸವಲ್ಲವೆಂದು ತಿಳಿಯುವವರು ಎಲ್ಲ ದೇಶಗಳಲ್ಲಿಯೂ ಉಂಟು.

ಚೀಲದ ಗಾಳಿಯನ್ನು ಪರೀಕ್ಷಿಸಿದಾಗ ಮೂರು ಸಂಗತಿಗಳು ಹೊರಬಿದ್ದುವು. ಸುಮ್ಮನೆ ಕುಳಿತ ಮನುಷ್ಯನು ನಿಮಿಷಕ್ಕೆ ಸುಮಾರು ಕಾಲು ಲೀಟರು ಆಮ್ಲಜನಕವನ್ನು ಬಳಸುತ್ತಾನೆ. ಮೆಲ್ಲನೆ ಓಡಲಾರಂಭಿಸಿದರೆ ಅದು ಏರುತ್ತ ಹೋಗಿ, ಎರಡು ಮೂರು ನಿಮಿಷಗಳಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆಗ ಆದಾಯವೂ ವೆಚ್ಚವೂ ಸಮನಾಗಿವೆ. ಓಟಗಾರನು ಬಹುದೂರ ಹೋಗಬಲ್ಲನು. ವೇಗವನ್ನು ಹೆಚ್ಚಿಸಿದಂತೆ ಈ ಮಟ್ಟವೂ ಏರುತ್ತದೆ. ಆದರೆ ಒಂದು ಎಲ್ಲೆಯನ್ನು ಮುಟ್ಟಿದ ಮೇಲೆ, ಎಷ್ಟೇ ಜೋರಾಗಿ ಓಡಿದರೂ, ಎಷ್ಟೇ ಉಸಿರೆಳೆದರೂ, ಒಳಕ್ಕೆ ಹೋಗುವ ಆಮ್ಲಜನಕವು ಹೆಚ್ಚುವುದಿಲ್ಲ. ಹಿಲ್ಲರಿಗೆ ಈ ಎಲ್ಲೆಯು ನಿಮಿಷಕ್ಕೆ ಸುಮಾರು 4 ಲೀಟರು, ಕುಳಿತಾಗಿನ ಹದಿನಾರರಷ್ಟು. ಅದಕ್ಕೆ ಮೇಲ್ಪಟ್ಟ ವೇಗವೆಲ್ಲ ಸಾಲದ ಮೇಲೆ ನಡೆಯತಕ್ಕದ್ದು. ಓಟವು ನಿಂತ ಮೇಲೆ ಏದುಸಿರಿನ ಮೂಲಕ ಆ ಸಾಲವನ್ನು ತೀರಿಸಬೇಕು. ಹಿಲ್ಲರು ಇದಕ್ಕೆ ಆಮ್ಲಜನಕದ ಸಾಲವೆಂದೇ ಹೆಸರಿಟ್ಟರು. ನೂರು ಗಜದ ಓಟವನ್ನು ಉಸಿರು ಬಿಗಿಹಿಡಿದೇ ಓಡಿ ಮುಗಿಸಬಹುದು. ಬೇಕಾದ ಆಮ್ಲಜನಕವನ್ನು ಗೆದ್ದ ಮೇಲೆ ನಿಂತು ಎಳೆದುಕೊಂಡರಾಯಿತು. ಮೈಲಿಯ ಓಟದಲ್ಲಿ ಈ ಆಟವು ನಡೆಯದು.

ಎಲ್ಲೆಯು ಎಲ್ಲಿಂದ ಬಂದಿತೆಂಬುದೂ ಅವರಿಗೆ ಹೊಳೆಯಿತು. ಶ್ವಾಸಕೋಶಗಳು ಗಾಳಿಯನ್ನು ಬೇಕಾದಷ್ಟು ಒದಗಿಸಬಲ್ಲವು. ಆದರೆ ಅದನ್ನು ಹೊತ್ತು ಮಾಂಸಖಂಡಗಳಿಗೆ ಮುಟ್ಟಿಸುವ ರಕ್ತವನ್ನು ಹೃದಯವು ಎಷ್ಟು ತಳ್ಳಬಲ್ಲುದೋ ಅಷ್ಟೇ ಆದಾಯ. ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ಸಾಗಿಸುವ ಹೃದಯವು, ಕಠಿಣವಾದ ಓಟದಲ್ಲಿ ಆರೋಗ್ಯವಂತನಾದ ತರುಣನಲ್ಲಿ 20 ಲೀಟರನ್ನೂ ಮೀರಿಸುತ್ತದೆ. ಹೃದಯವೂ ಒಂದು ಮಾಂಸಖಂಡವೇ ಆದುದರಿಂದ, ತನಗೇ ಆಮ್ಲಜನಕವು ಸಾಲದೆ ಹೋಗುವ ಮೊದಲು ಅದನ್ನು ತಡೆದು ಕಾಪಾಡುವ ಒಂದು ನಿಯಾಮಕವು ಶರೀರದಲ್ಲಿ ಇದ್ದಿರಬೇಕೆಂದೂ ಹಿಲ್ಲರು ಊಹಿಸಿದರು. ಈ ಊಹೆಯನ್ನು ಬಹುಕಾಲ ಎಲ್ಲರೂ ಮರೆತಿದ್ದರು. 1990ರ ದಶಕದಲ್ಲಿ ದಕ್ಷಿಣ ಆಫ್ರಿಕದ ಟಿಮ್ ನೋಕ್ಸರು ಆ ನಿಯಾಮಕವು ಮೆದುಳಿನಲ್ಲಿದೆಯೆಂದು ವಾದಿಸಿ ಹಳೆಯ ಚರ್ಚೆಗೆ ಹೊಸ ಜೀವವನ್ನು ಕೊಟ್ಟರು. ಆ ವಾದವು ಇನ್ನೂ ಇತ್ಯರ್ಥವಾಗಿಲ್ಲ.

ಇಷ್ಟರಲ್ಲಿ 1922ನೆಯ ವರ್ಷದ ನೊಬೆಲ್ ಪಾರಿತೋಷಕವು, ಮರುವರ್ಷ ಪ್ರಕಟವಾಗಿ, ಹಿಲ್ಲರಿಗೂ ಜರ್ಮನಿಯ ಆಟೋ ಮೈಯರ್‌ಹೋಫರಿಗೂ ಹಂಚಿಕೆಯಾಗಿ ದೊರೆಯಿತು. ಹಿಲ್ಲರದು ಮಾಂಸಖಂಡದ ಉಷ್ಣದ ಲೆಕ್ಕ. ಮೈಯರ್‌ಹೋಫರದು ಅದೇ ಮಾಂಸಖಂಡದ ಆಮ್ಲಜನಕ ಮತ್ತು ಲ್ಯಾಕ್ಟಿಕ್ ಆಮ್ಲಗಳ ಲೆಕ್ಕ. ಎರಡು ಖಾತೆಗಳೂ ಪರಸ್ಪರ ತಾಳೆಯಾದುವು. ಐದು ವರ್ಷಗಳ ಹಿಂದೆಯಷ್ಟೇ ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಿದ್ದ ಎರಡು ದೇಶಗಳ ವಿದ್ವಾಂಸರು ಒಂದೇ ಗೌರವಕ್ಕೆ ಪಾತ್ರರಾದುದನ್ನು ಆ ಕಾಲದ ಜನರು ವಿಶೇಷವೆಂದು ಎಣಿಸಿದ್ದರೆ ಆಶ್ಚರ್ಯವಿಲ್ಲ.

1923ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದ ಹಿಲ್ಲರು ಓಟಗಾರರ ದಾಖಲೆಗಳನ್ನೆಲ್ಲ ಕಲೆಹಾಕಿ, ದೂರಕ್ಕೂ ವೇಗಕ್ಕೂ ಇರುವ ಸಂಬಂಧವನ್ನು ರೇಖಾಚಿತ್ರವಾಗಿ ಬರೆದು, 1925ರಲ್ಲಿ ಅದರ ಶಾರೀರಿಕ ಕಾರಣಗಳನ್ನು ವಿವರಿಸಿದರು. 1927ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೆ ಹೋಗಿದ್ದಾಗ ಅವರ ಪ್ರಯೋಗವು ಇನ್ನೂ ಚಮತ್ಕಾರದ್ದಾಗಿದ್ದಿತು. ಓಟಗಾರನ ಮೈಗೆ ಅಯಸ್ಕಾಂತಗೊಳಿಸಿದ ಉಕ್ಕಿನ ಪಟ್ಟಿಯನ್ನು ಕಟ್ಟಿ, ಓಟದ ದಾರಿಯುದ್ದಕ್ಕೂ ತಂತಿಯ ಸುರುಳಿಗಳನ್ನು ನಿಲ್ಲಿಸಿ, ಅವನು ಒಂದೊಂದು ಸುರುಳಿಯನ್ನು ದಾಟುವಾಗಲೂ ಹುಟ್ಟುವ ವಿದ್ಯುತ್ತನ್ನು ದಾಖಲು ಮಾಡಿದರು. ಕೈಗಡಿಯಾರವಿಲ್ಲದೆಯೇ ಓಟದ ಪ್ರತಿಯೊಂದು ಘಟ್ಟದ ವೇಗವೂ ಕಾಗದದ ಮೇಲೆ ಮೂಡಿತು. ಇದರಿಂದ ಲೋಕಕ್ಕೇನು ಪ್ರಯೋಜನವೆಂದು ಸಭೆಯೊಂದರಲ್ಲಿ ಕೇಳಿದಾಗ, ಇದು ತಮಗೆ ವಿನೋದವಾಗಿರುವುದರಿಂದ ಮಾಡುತ್ತಿರುವುದಾಗಿ ಹಿಲ್ಲರು ಉತ್ತರವಿತ್ತರಂತೆ. ಅನುದಾನಕ್ಕಾಗಿ ಅರ್ಜಿ ಬರೆಯುವವರಿಗೆ ಈ ಉತ್ತರವನ್ನು ನಾವು ಶಿಫಾರಸು ಮಾಡಲಾರೆವು.

ಹಿಲ್ಲರ ಜೀವನದಲ್ಲಿ ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಹಿಡಿಸಿರುವ ಘಟನೆಯು ಇದಾದ ಮೂರು ವರ್ಷಗಳ ಮೇಲೆ ನಡೆಯಿತು. ಲ್ಯಾಕ್ಟಿಕ್ ಆಮ್ಲವೇ ಮಾಂಸಖಂಡದ ಸಂಕೋಚಕ್ಕೆ ಮೂಲವೆಂಬುದು ಹಿಲ್ಲರ ಸಿದ್ಧಾಂತದ ತೊಲೆಗಂಬವಾಗಿದ್ದಿತು. ನೊಬೆಲ್ ಪಾರಿತೋಷಕವು ಬಂದುದೂ ಅದರ ಸುತ್ತಣ ಕೆಲಸಕ್ಕೇ. 1930ರಲ್ಲಿ ಡೆನ್ಮಾರ್ಕಿನ ಐನಾರ್ ಲುಂಡ್ಸ್‌ಗಾರ್ಡ್ ಎಂಬ ತರುಣ ವಿಜ್ಞಾನಿಯು ಒಂದು ವಿಷದ ಮೂಲಕ ಲ್ಯಾಕ್ಟಿಕ್ ಆಮ್ಲವು ಹುಟ್ಟದಂತೆ ತಡೆದನು. ಆದರೂ ಮಾಂಸಖಂಡವು ಮಿಡಿಯಿತು! ಕಂಬವು ಕುಸಿಯಿತು. ಆಮ್ಲದ ಸ್ಥಾನಕ್ಕೆ ಬಂದುದು ಫಾಸ್ಫೋಕ್ರಿಯಾಟಿನ್ ಎಂಬ ದ್ರವ್ಯ. ಇದನ್ನು ಕಂಡುಹಿಡಿದವರ ಪೈಕಿ ಒಬ್ಬರು ಭೀಮವರಂ ಎಂಬ ತೆಲುಗು ಊರಿನಲ್ಲಿ 1895ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾಯರು. ಹಾರ್ವರ್ಡಿನಲ್ಲಿ ಫಿಸ್ಕೆಯವರ ಜೊತೆಯಲ್ಲಿ 1927ರಲ್ಲಿ ಅವರು ಇದನ್ನು ಕಂಡರು. ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಹಿಲ್ಲರ ವಿಭಾಗದಲ್ಲಿಯೇ ಇದ್ದ ಎಗ್ಲ್‌ಟನ್ ದಂಪತಿಗಳೂ ಕಂಡರು. ಶರೀರದ ಎಲ್ಲ ಕೆಲಸಕ್ಕೂ ಕೈಗಾಸಿನಂತಿರುವ ಎ.ಟಿ.ಪಿ. ಎಂಬ ದ್ರವ್ಯವು 1929ರಲ್ಲಿ ಬೆಳಕಿಗೆ ಬಂದುದರಲ್ಲಿಯೂ ಸುಬ್ಬರಾಯರ ಪಾಲಿದೆ. ಅವರಿಗೆ ಸಲ್ಲಬೇಕಾದ ಕೀರ್ತಿಯು ಬದುಕಿರುವಾಗ ಸಲ್ಲಲಿಲ್ಲವೆಂಬುದನ್ನು ಇಲ್ಲಿ ಹೇಳದೆ ಇರಲಾರೆವು.

ತಮ್ಮ ಹೆಸರಿಗೆ ಅಂಟಿಕೊಂಡಿದ್ದ ಸಿದ್ಧಾಂತವು ಹೀಗೆ ಮುರಿದಾಗ ಹಿಲ್ಲರು ಏನು ಮಾಡಿದರು? ತಕರಾರು ಹೂಡಲಿಲ್ಲ, ಲುಂಡ್ಸ್‌ಗಾರ್ಡನ ಪ್ರಯೋಗದಲ್ಲಿ ಹುಳುಕನ್ನು ಹುಡುಕುತ್ತ ಕಾಲ ಕಳೆಯಲಿಲ್ಲ. 1932ರಲ್ಲಿ ದೀರ್ಘವಾದ ಒಂದು ಲೇಖನವನ್ನು ಬರೆದು, ಅದಕ್ಕೆ ಮಾಂಸಖಂಡಶಾಸ್ತ್ರದಲ್ಲಿ ನಡೆದ ಕ್ರಾಂತಿಯೆಂದು ತಲೆಬರಹವಿಟ್ಟು, ಹಳೆಯ ಮತವು ಬಿದ್ದುಹೋದ ವಾರ್ತೆಯನ್ನು ತಾವೇ ಲೋಕಕ್ಕೆ ಸಾರಿದರು. ಅಳತೆಗಳು ಉಳಿದುವು, ಅವುಗಳ ಅರ್ಥವು ಬದಲಾಯಿತು. ಓಟದ ಬಳಿಕ ಹೆಚ್ಚಾಗಿ ಬೇಕಾಗುವ ಆಮ್ಲಜನಕವು ಇಂದಿಗೂ ನಿಜವೇ. ಆದರೆ ಅದು ಆಮ್ಲವನ್ನು ಸುಡುವುದಕ್ಕಾಗಿ ಮಾತ್ರವಲ್ಲ. ಬರಿದಾದ ಫಾಸ್ಫೋಕ್ರಿಯಾಟಿನ್ನನ್ನು ತುಂಬುವುದಕ್ಕೂ, ಬಿಸಿಯೇರಿದ ಮೈಯನ್ನೂ ಬಡಿಯುವ ಹೃದಯವನ್ನೂ ಹತೋಟಿಗೆ ತರುವುದಕ್ಕೂ ವೆಚ್ಚವಾಗುತ್ತದೆಂದು ತಿಳಿದುಬಂದಿದೆ. ಆದುದರಿಂದ 1984ರಿಂದೀಚೆಗೆ ವಿದ್ವಾಂಸರು ಸಾಲವೆಂಬ ಹೆಸರನ್ನು ಕೈಬಿಡುತ್ತ ಬಂದಿದ್ದಾರೆ. ಲ್ಯಾಕ್ಟಿಕ್ ಆಮ್ಲದ ದ್ರವ್ಯವು ಕಸವಲ್ಲವೆಂದೂ, ಹೃದಯವು ಅದನ್ನು ಉರುವಲಾಗಿ ಬಳಸುವುದೆಂದೂ ಈಗ ಗೊತ್ತಾಗಿದೆ. ಗರಡಿಯಲ್ಲಿ ಮೊದಲ ದಿನ ಬಸ್ಕಿ ಹೊಡೆದವನಿಗೆ ಮರುದಿನ ತೊಡೆಗಳು ನೋಯುವುದು ಆಮ್ಲವು ಉಳಿದುದರಿಂದಲ್ಲ. ಅಭ್ಯಾಸವಿಲ್ಲದ ಮಾಂಸದ ಎಳೆಗಳಲ್ಲಿ ಆದ ಸೂಕ್ಷ್ಮವಾದ ಗಾಯಗಳಿಂದ. ಆಮ್ಲವಾದರೋ ಒಂದೆರಡು ಗಂಟೆಗಳಲ್ಲಿಯೇ ರಕ್ತದಿಂದ ತೊಲಗಿಹೋಗಿರುತ್ತದೆ. ಹಿಲ್ಲರು 1932ರಲ್ಲಿಯೇ ಬಿಟ್ಟುಕೊಟ್ಟ ಮತದ ಚೂರುಗಳನ್ನು ವ್ಯಾಯಾಮಶಾಲೆಗಳ ಬೋಧಕರು ಇನ್ನೂ ಭದ್ರವಾಗಿ ಕಾಪಾಡಿಕೊಂಡಿರುವುದು ಸೋಜಿಗವಾಗಿದೆ.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದು ಯೆಹೂದಿ ಪಂಡಿತರನ್ನು ವಿದ್ಯಾಪೀಠಗಳಿಂದ ಓಡಿಸಲಾರಂಭಿಸಿದಾಗ, ರುದರ್‌ಫರ್ಡ್, ಬೆವರಿಜ್ ಮೊದಲಾದವರೊಡನೆ ಸೇರಿ ಹಿಲ್ಲರು ಆ ನಿರಾಶ್ರಿತರಿಗೆ ಆಸರೆಯನ್ನೊದಗಿಸುವ ಸಂಸ್ಥೆಯನ್ನು ಕಟ್ಟಿದರು. 1935ರಲ್ಲಿ ಅವರ ಪ್ರಯೋಗಶಾಲೆಯ ಬಾಗಿಲಿಗೆ ಬಂದ ಬರ್ನಾರ್ಡ್ ಕಾಟ್ಜ್ ಎಂಬ ತರುಣನು 1970ರಲ್ಲಿ ತಾನೂ ನೊಬೆಲ್ ಪಾರಿತೋಷಕವನ್ನು ಪಡೆದನು. ಹಿಲ್ಲರೊಡನೆ ಪಾರಿತೋಷಕವನ್ನು ಹಂಚಿಕೊಂಡಿದ್ದ ಮೈಯರ್‌ಹೋಫರೇ 1938ರಲ್ಲಿ ಜರ್ಮನಿಯನ್ನು ಬಿಟ್ಟೋಡಬೇಕಾಯಿತು.

ಅದೇ 1938ರಲ್ಲಿ ಹಿಲ್ಲರು ಮಾಂಸಖಂಡದ ಇನ್ನೊಂದು ನಿಯಮವನ್ನು ಪ್ರಕಟಿಸಿದರು. ಹೊರೆಯು ಹಗುರವಾದಷ್ಟೂ ಮಾಂಸಖಂಡವು ಬೇಗನೆ ಕುಗ್ಗುತ್ತದೆ, ಭಾರವಾದಷ್ಟೂ ನಿಧಾನವಾಗುತ್ತದೆ, ಈ ಏರಿಳಿತವು ಒಂದು ನಿರ್ದಿಷ್ಟವಾದ ವಕ್ರರೇಖೆಯನ್ನು ಅನುಸರಿಸುತ್ತದೆ. ಹಗುರವಾದ ಗದೆಯನ್ನು ಬೀಸುವ ಕೈಯ ಚುರುಕು ಭಾರದ ಗದೆಯನ್ನು ಬೀಸುವಾಗ ಇರುವುದಿಲ್ಲವೆಂಬುದು ಪೈಲವಾನರಿಗೆ ಹೊಸತಲ್ಲ. ಆದರೆ ಬಲವೂ ವೇಗವೂ ಕೂಡಿ ಅತ್ಯಧಿಕವಾದ ಕೆಲಸವು ಹೊರಡುವುದು ಇವೆರಡರ ನಡುವಣ ಒಂದು ಸ್ಥಾನದಲ್ಲಿ ಎಂಬುದು ಆ ರೇಖೆಯಿಂದ ತಿಳಿಯುತ್ತದೆ. ಗೇರಿನ ಸೈಕಲ್ಲಿನ ಸವಾರನು ಏರು ಬಂದಾಗ ಗೇರು ಬದಲಾಯಿಸಿ ಹುಡುಕುವುದು ಆ ಸ್ಥಾನವನ್ನೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಿಲ್ಲರು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪ್ರತಿನಿಧಿಯಾಗಿ ಪಾರ್ಲಿಮೆಂಟನ್ನು ಸೇರಿದ್ದರು. 1943ರ ನವೆಂಬರಿನಿಂದ 1944ರ ಏಪ್ರಿಲಿನವರೆಗೆ, ಭಾರತ ಸರ್ಕಾರದ ಕರೆಯ ಮೇರೆಗೆ, ವಿಜ್ಞಾನ ಸಂಶೋಧನೆಯ ವಿಷಯದಲ್ಲಿ ಸಲಹೆ ಕೊಡುವುದಕ್ಕಾಗಿ ಅವರು ಈ ದೇಶದಲ್ಲಿ ಸಂಚರಿಸಿದರು. ಕರೆದ ಸರ್ಕಾರವು ಯಾರದೆಂಬುದನ್ನು ವಾಚಕರು ಬಲ್ಲರು. ಗಾಂಧೀಜಿಯವರೂ ಕಾಂಗ್ರೆಸ್ಸಿನ ಮುಖಂಡರೂ ಆ ದಿನಗಳಲ್ಲಿ ಸೆರೆಯಲ್ಲಿದ್ದರು. ಬಂಗಾಳದಲ್ಲಿ ಕ್ಷಾಮವು ಲಕ್ಷಾಂತರ ಜನರನ್ನು ನುಂಗಿದ್ದಿತು. ತುಂಬಿದ ಹೊಟ್ಟೆಯ ಓಟಗಾರರ ಆದಾಯವೆಚ್ಚಗಳನ್ನು ಇಪ್ಪತ್ತು ವರ್ಷ ಅಳೆದ ವಿದ್ವಾಂಸರು, ಮೈಯೊಳಗಿನ ಕೊನೆಯ ಕಾಸೂ ಖರ್ಚಾಗಿಹೋದ ಜನರ ನಾಡಿಗೆ ಬಂದಿಳಿದಿದ್ದರು. ಉರುವಲಿಲ್ಲದ ಮಾಂಸಖಂಡಕ್ಕೆ ಯಾವ ಅಂಗಸಾಧನೆಯೂ ಫಲಿಸದು. ಅನ್ನದ ಕೊರತೆಯಾದಾಗ ಶರೀರವು ತನ್ನ ಮಾಂಸವನ್ನೇ ಕರಗಿಸಿ ದಿನ ದೂಡುತ್ತದೆ. ದುಡಿಮೆಯನ್ನೂ ಚಲನವಲನವನ್ನೂ ತಾನಾಗಿಯೇ ಮಿತಗೊಳಿಸುತ್ತದೆ. ಹೊರಗಿನವರು ಅದನ್ನು ಸೋಮಾರಿತನವೆಂದು ಕರೆಯುವುದುಂಟು. ಭಾರತದ ಸಮಸ್ಯೆಯನ್ನು ಜನಸಂಖ್ಯೆ, ಆರೋಗ್ಯ, ಆಹಾರ, ಪ್ರಕೃತಿಸಂಪತ್ತು ಎಂಬ ನಾಲ್ಕು ಮುಖಗಳ ತೊಡಕೆಂದು ಹಿಲ್ಲರು ವಿವರಿಸಿದರು. ಒಂದನ್ನು ಬಿಟ್ಟು ಇನ್ನೊಂದನ್ನು ಬಿಡಿಸಲಾಗದೆಂಬುದು ಅವರ ಅಭಿಪ್ರಾಯ. ಅವರು ಒಪ್ಪಿಸಿದ ವರದಿಯಲ್ಲಿ ಅಖಿಲ ಭಾರತಕ್ಕೆ ಒಂದು ವೈದ್ಯಕೀಯ ಕೇಂದ್ರವಿರಬೇಕೆಂಬ ಸಲಹೆಯಿದ್ದಿತು. ಭೋರ್ ಸಮಿತಿಯೂ ಅದನ್ನೇ ಹೇಳಿತು. ಸ್ವತಂತ್ರ ಭಾರತದಲ್ಲಿ 1956ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಾಗಿ ಆ ಸಲಹೆಯು ರೂಪುಗೊಂಡಿತು. ಆಳುವವರ ಅತಿಥಿಯಾಗಿ ಬಂದವರಿಂದಲೂ ಆಳಿಸಿಕೊಂಡವರಿಗೆ ಇಷ್ಟು ದಕ್ಕಿತೆಂಬುದನ್ನು ಒಪ್ಪಲು ನಮಗೆ ಸಂಕೋಚವಿಲ್ಲ.

ಹಿಲ್ಲರು ಅಳೆದ ಎಲ್ಲೆಯು ಕಲ್ಲಿನ ಗೋಡೆಯಲ್ಲವೆಂಬುದು ಅವರ ಮುಪ್ಪಿನ ಕಾಲದಲ್ಲಿ ಇತರರಿಂದ ಸ್ಪಷ್ಟವಾಯಿತು. 1966ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಆರೋಗ್ಯವಂತರಾದ ಐವರು ತರುಣರನ್ನು ಮೂರು ವಾರ ಹಾಸಿಗೆಯಿಂದ ಏಳಗೊಡದೆ ಮಲಗಿಸಿದರು. ಅವರ ಗರಿಷ್ಠ ಆಮ್ಲಜನಕದ ಆದಾಯವು ಕಾಲುಭಾಗಕ್ಕಿಂತಲೂ ಹೆಚ್ಚಾಗಿ ಕುಸಿದುಹೋಯಿತು. ಎಂಟು ವಾರಗಳ ಕಠಿಣವಾದ ಸಾಧನೆಯಿಂದ ಅದು ಮರಳಿ ಬಂದುದಲ್ಲದೆ ಮೊದಲಿನ ಮಟ್ಟವನ್ನೂ ದಾಟಿತು. ಮೂವತ್ತು ವರ್ಷಗಳ ಮೇಲೆ ಅದೇ ಐವರನ್ನು ಪುನಃ ಪರೀಕ್ಷಿಸಿದಾಗ ಕಂಡುದು ಇನ್ನೂ ವಿಚಿತ್ರ: ಮೂರು ವಾರಗಳ ಹಾಸಿಗೆಯು ಅವರ ಶಕ್ತಿಯನ್ನು ತಿಂದಷ್ಟು ಮೂವತ್ತು ವರ್ಷಗಳ ವಯಸ್ಸು ತಿಂದಿರಲಿಲ್ಲ.

ಇದು ಹೇಗಾಗುತ್ತದೆ? ಸಾಧನೆಯನ್ನು ಆರಂಭಿಸಿದ ಕೆಲವೇ ದಿನಗಳಲ್ಲಿ ರಕ್ತದ ನೀರಿನ ಅಂಶವು ಹೆಚ್ಚಿ ಹೃದಯವು ಚೆನ್ನಾಗಿ ತುಂಬಿಕೊಳ್ಳುತ್ತದೆ. ವಾರಗಳು ತಿಂಗಳುಗಳು ಕಳೆದಂತೆ ಹೃದಯದ ಕೋಣೆಯು ಹಿಗ್ಗಿ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುತ್ತದೆ. ಆದಕಾರಣ ಕುಳಿತಾಗಿನ ನಾಡಿಯ ಬಡಿತವು ಇಳಿಯುತ್ತದೆ. ಮಾಂಸಖಂಡದೊಳಗೆ ಕೂದಲೆಳೆಗಿಂತಲೂ ಸಣ್ಣವಾದ ರಕ್ತನಾಳಗಳು ಹೊಸದಾಗಿ ಕವಲೊಡೆಯುತ್ತವೆ. ಜೀವಕೋಶದ ಒಲೆಗಳೆನ್ನಬ ಹುದಾದ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. 1967ರಲ್ಲಿ ಹಾಲೋಸಿ ಎಂಬ ವಿಜ್ಞಾನಿಯು ಓಡಿಸಿ ಪಳಗಿಸಿದ ಇಲಿಗಳಲ್ಲಿ ಈ ಒಲೆಗಳ ಶಕ್ತಿಯು ಇಮ್ಮಡಿಯಾದುದನ್ನು ತೋರಿಸಿದನು. ಭಾರವೆತ್ತುವವರ ಕಥೆಯು ಬೇರೆ. ಮೊದಲ ಕೆಲವು ವಾರಗಳಲ್ಲಿ ಬೆಳೆಯುವ ಬಲವು ಬಹುಪಾಲು ನರಗಳದು. ಇದ್ದ ಎಳೆಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚಲು ಅವು ಕಲಿಯುತ್ತವೆ. ಎಳೆಗಳು ದಪ್ಪವಾಗುವುದು ಅನಂತರ. ದಿನಕ್ಕೆ ನಾಲ್ಕೈದು ಬಸ್ಕಿಗಳನ್ನು ಮಾತ್ರ ಏರಿಸುತ್ತ ಹೋಗುವ ಗರಡಿಯ ಉಸ್ತಾದರ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ. ಕೆಲವು ತಿಂಗಳ ಸಾಧನೆಯಿಂದ ಆಮ್ಲಜನಕದ ಎಲ್ಲೆಯು ಸಾಮಾನ್ಯವಾಗಿ ನೂರಕ್ಕೆ ಹದಿನೈದು ಇಪ್ಪತ್ತರಷ್ಟು ಏರುತ್ತದೆ. ಆದರೆ ಒಂದೇ ಸಾಧನೆಯಿಂದ ಒಬ್ಬನಿಗೆ ಬಹಳವೂ ಮತ್ತೊಬ್ಬನಿಗೆ ಅತ್ಯಲ್ಪವೂ ದಕ್ಕುವುದುಂಟು. ಹುಟ್ಟಿನಿಂದ ಬಂದ ಪಾಲು ಅದರಲ್ಲಿ ಅಡಗಿದೆ. ಸಾಧನೆಯನ್ನು ನಿಲ್ಲಿಸಿದರೆ ಗಳಿಸಿದುದೆಲ್ಲ ವಾರಗಳಲ್ಲಿಯೇ ಕರಗಲಾರಂಭಿಸುತ್ತದೆ. ಶರೀರವು ಬಳಸದ ವಸ್ತುವಿಗೆ ಬಾಡಿಗೆ ಕೊಡುವುದಿಲ್ಲ.

ವಯಸ್ಸಾದ ಮೇಲೂ ಹಿಲ್ಲರ ಚುರುಕು ಕಡಿಮೆಯಾಗಲಿಲ್ಲ. ಮಿಡಿಯುವ ಮಾಂಸಖಂಡದಲ್ಲಿ ಎ.ಟಿ.ಪಿ. ಒಡೆಯುವುದೆಂದು ಎಲ್ಲರೂ ನಂಬಿದ್ದರೇ ಹೊರತು ಮಿಡಿತದ ಕ್ಷಣದಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. 1950ರಲ್ಲಿ ಅವರು ರಸಾಯನಶಾಸ್ತ್ರಜ್ಞರಿಗೆ ಬಹಿರಂಗವಾಗಿ ಸವಾಲು ಹಾಕಿ ಅದನ್ನು ತೋರಿಸಿಕೊಡಿರೆಂದು ಕೇಳಿದರು. ನಂಬಿಕೆಯನ್ನು ಪ್ರಮಾಣವೆಂದು ಒಪ್ಪಿದ್ದರಿಂದ ಆದ ಪರಿಣಾಮವನ್ನು ಒಮ್ಮೆ ಉಂಡವರು ಅವರು. ಕೇನ್ ಮತ್ತು ಡೇವೀಸ್ ಎಂಬಿಬ್ಬರು 1962ರಲ್ಲಿ ಅದನ್ನು ತೋರಿಸಿದಾಗ ಸವಾಲು ಹಾಕಿದವರಿಗೆ ಎಪ್ಪತ್ತಾರು ವರ್ಷಗಳಾಗುತ್ತ ಬಂದಿದ್ದುವು.

1977ರ ಜೂನ್ 3ರಂದು ಹಿಲ್ಲರು ಕೇಂಬ್ರಿಜ್ಜಿನಲ್ಲಿ ತೀರಿಕೊಂಡರು. ಅವರ ಮಗಳು ಪಾಲಿ ಹಿಲ್ ಅವರು ಹಳ್ಳಿಗಳ ಅರ್ಥವ್ಯವಸ್ಥೆಯನ್ನು ಅಭ್ಯಾಸ ಮಾಡಿದ ವಿದುಷಿ. ತಂದೆಯು ತೀರಿಕೊಂಡ ಆ ಕಾಲದಲ್ಲಿಯೇ ಆಕೆ ಬೆಂಗಳೂರಿಗೆ ಸಮೀಪದ ಆನೇಕಲ್ ತಾಲ್ಲೂಕಿನ ಹಳ್ಳಿಗಳಲ್ಲಿದ್ದು, ರಾಗಿ ಬೆಳೆಯುವ ಒಕ್ಕಲು ಮನೆತನಗಳ ಭೂಮಿ, ದುಡಿಮೆ, ಬಡತನಗಳ ಲೆಕ್ಕವನ್ನು ಕಲೆಹಾಕಿದರು. ಆ ಮನೆತನಗಳನ್ನು ಆಫ್ರಿಕದ ಹೌಸಾ ನಾಡಿನ ರೈತರೊಡನೆ ಹೋಲಿಸಿ ಬರೆದ ಅವರ ಗ್ರಂಥವು 1982ರಲ್ಲಿ ಕೇಂಬ್ರಿಜ್ಜಿನಿಂದ ಪ್ರಕಟವಾಯಿತು.